ಬಳಸಿದ ಹೈಬ್ರಿಡ್ ಕಾರು

ಬಳಸಿದ ಹೈಬ್ರಿಡ್ ಕಾರು ಎಂದರೆ ಇಂಧನ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡನ್ನೂ ಹೊಂದಿದ್ದು, ಈಗಾಗಲೇ ಒಬ್ಬ ಅಥವಾ ಹೆಚ್ಚು ಮಾಲೀಕರ ಬಳಕೆಯಲ್ಲಿದ್ದು ಮರುಮಾರಾಟಕ್ಕೆ ಬಂದ ಕಾರು. ಆಡುಮಾತಿನಲ್ಲಿ ಇದನ್ನು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಎನ್ನುತ್ತಾರೆ. ಪ್ರತಿದಿನ ಕೆಲಸಕ್ಕೆ ಹೋಗಿಬರುವವರು ಇಂಧನ ವೆಚ್ಚವನ್ನು ತಗ್ಗಿಸುವ ಉದ್ದೇಶದಿಂದ ಇಂತಹ ಕಾರುಗಳನ್ನು ಆಯ್ಕೆ ಮಾಡುತ್ತಾರೆ. ಆದರೆ ಉಳಿತಾಯವು ಕಾರಿನ ಮೇಲಿರುವ ‘ಹೈಬ್ರಿಡ್’ ಎಂಬ ಹೆಸರಿಗಿಂತ ಮೂರು ಸಂಗತಿಗಳನ್ನು ಹೆಚ್ಚು ಅವಲಂಬಿಸಿದೆ: ಹೈಬ್ರಿಡ್‌ನ ವಿಧ, ನಿತ್ಯ ಸಂಚರಿಸುವ ರಸ್ತೆಯ ಸ್ವರೂಪ ಮತ್ತು ಬ್ಯಾಟರಿಯ ಉಳಿದ ಖಾತರಿ ಅವಧಿ. ಈ ಲೇಖನವು ಕರ್ನಾಟಕದ ಸಂದರ್ಭದಲ್ಲಿ, ವಿಶೇಷವಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಉದಾಹರಣೆಯೊಂದಿಗೆ, ಇಂತಹ ಕಾರಿನ ಆಯ್ಕೆಯ ಕ್ರಮವನ್ನು ವಿವರಿಸುತ್ತದೆ.

ವಿಧಗಳು

ಭಾರತದ ಮಾರುಕಟ್ಟೆಯಲ್ಲಿ ‘ಹೈಬ್ರಿಡ್’ ಎಂಬ ಒಂದೇ ಪದವನ್ನು ಪರಸ್ಪರ ಬಹಳ ಭಿನ್ನವಾದ ತಂತ್ರಜ್ಞಾನಗಳಿಗೆ ಬಳಸಲಾಗುತ್ತದೆ.

• ಮೈಲ್ಡ್ ಹೈಬ್ರಿಡ್: ಇದರಲ್ಲಿ ಸ್ಟಾರ್ಟರ್ ಮತ್ತು ಜನರೇಟರ್ ಎರಡರ ಕೆಲಸವನ್ನೂ ಮಾಡುವ ಒಂದು ಚಿಕ್ಕ ಘಟಕವಿರುತ್ತದೆ. ಕಾರು ನಿಂತಾಗ ಎಂಜಿನ್ ಆರಿ, ಹೊರಡುವಾಗ ಮತ್ತೆ ಚಾಲನೆಗೊಳ್ಳುತ್ತದೆ. ವೇಗ ಹೆಚ್ಚಿಸುವಾಗ ಎಂಜಿನ್‌ಗೆ ಅಲ್ಪ ಪ್ರಮಾಣದ ನೆರವು ದೊರೆಯುತ್ತದೆ. ಕೇವಲ ವಿದ್ಯುತ್ತಿನಿಂದ ಕಾರು ಓಡುವುದಿಲ್ಲ. ಮಾರುತಿ ಸುಜುಕಿ ಸಂಸ್ಥೆಯು 2015ರಲ್ಲಿ ಸಿಯಾಜ್ ಮತ್ತು ಎರ್ಟಿಗಾ ಡೀಸೆಲ್ ಕಾರುಗಳಲ್ಲಿ ‘ಎಸ್‌ಎಚ್‌ವಿಎಸ್’ ಹೆಸರಿನಲ್ಲಿ ಇದನ್ನು ಪರಿಚಯಿಸಿತು. ಮುಂದೆ ಹಲವು ಪೆಟ್ರೋಲ್ ಕಾರುಗಳಿಗೂ ಇದನ್ನು ‘ಸ್ಮಾರ್ಟ್ ಹೈಬ್ರಿಡ್’ ಎಂಬ ಹೆಸರಿನಲ್ಲಿ ಅಳವಡಿಸಲಾಯಿತು.

• ಸ್ಟ್ರಾಂಗ್ ಹೈಬ್ರಿಡ್: ಇದರಲ್ಲಿ ಚಕ್ರಗಳನ್ನು ತಿರುಗಿಸಬಲ್ಲ ಶಕ್ತಿಯುತ ಮೋಟಾರು ಮತ್ತು ಅಧಿಕ ವೋಲ್ಟೇಜಿನ ಬ್ಯಾಟರಿ ಇರುತ್ತವೆ. ಕಡಿಮೆ ವೇಗದಲ್ಲಿ ಕಾರು ಎಂಜಿನ್‌ನ ನೆರವಿಲ್ಲದೆ ಸ್ವಲ್ಪ ದೂರ ಚಲಿಸಬಲ್ಲದು. ಬ್ಯಾಟರಿಗೆ ಹೊರಗಿನಿಂದ ಚಾರ್ಜ್ ಮಾಡಬೇಕಾಗಿಲ್ಲ.

• ಪ್ಲಗ್-ಇನ್ ಹೈಬ್ರಿಡ್: ದೊಡ್ಡ ಬ್ಯಾಟರಿಯನ್ನು ಹೊಂದಿದ್ದು, ಮನೆಯ ವಿದ್ಯುತ್ತಿನಿಂದ ಚಾರ್ಜ್ ಮಾಡಬಹುದಾದ ಕಾರು. ಭಾರತದಲ್ಲಿ ಇವು ಹೆಚ್ಚಾಗಿ ದುಬಾರಿ ವರ್ಗದ ಕಾರುಗಳಿಗೆ ಸೀಮಿತವಾಗಿರುವುದರಿಂದ ಮಿತವ್ಯಯದ ಆಯ್ಕೆಯಾಗಿ ಪರಿಗಣಿತವಾಗುವುದಿಲ್ಲ.

ಮೊದಲ ಎರಡು ವಿಧಗಳ ನಡುವಿನ ವ್ಯತ್ಯಾಸವನ್ನು ತಯಾರಕರು ಘೋಷಿಸಿದ ಮೈಲೇಜಿನಲ್ಲಿ ಕಾಣಬಹುದು. ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಕಾರಿನ ಮೈಲ್ಡ್ ಹೈಬ್ರಿಡ್ ಮ್ಯಾನುವಲ್ ಮಾದರಿಗೆ ಲೀಟರಿಗೆ ಸುಮಾರು 21.1 ಕಿ.ಮೀ. ಹಾಗೂ ಅದೇ ಕಾರಿನ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ 27.97 ಕಿ.ಮೀ. ಎಂದು ಘೋಷಿಸಲಾಗಿದೆ. ಮರುಮಾರಾಟದ ಜಾಹೀರಾತುಗಳಲ್ಲಿ ಎರಡನ್ನೂ ‘ಹೈಬ್ರಿಡ್’ ಎಂದಷ್ಟೇ ಬರೆಯುವ ರೂಢಿಯಿದೆ. ಆದ್ದರಿಂದ ಖರೀದಿದಾರರು ನೋಂದಣಿ ಪತ್ರದಲ್ಲಿರುವ ಮಾದರಿಯ ಪೂರ್ಣ ಹೆಸರನ್ನು ಓದಿ ವಿಧವನ್ನು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಮೈಲ್ಡ್ ಹೈಬ್ರಿಡ್ ಕಾರಿಗೆ ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಹೆಚ್ಚಿನ ಬೆಲೆ ಕೊಡಲು ವಿಶೇಷ ಕಾರಣವಿಲ್ಲ.

ಕಾರ್ಯವಿಧಾನ

ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಚಲನಶಕ್ತಿಯು ಬ್ರೇಕ್ ಪ್ಯಾಡುಗಳಲ್ಲಿ ಶಾಖವಾಗಿ ವ್ಯರ್ಥವಾಗುತ್ತದೆ. ಸ್ಟ್ರಾಂಗ್ ಹೈಬ್ರಿಡ್ ಕಾರಿನಲ್ಲಿ ಮೋಟಾರು ಆ ಕ್ಷಣದಲ್ಲಿ ಜನರೇಟರಿನಂತೆ ವರ್ತಿಸಿ ಆ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ. ಇದನ್ನು ಪುನರುತ್ಪಾದಕ ಬ್ರೇಕಿಂಗ್ ಎನ್ನುತ್ತಾರೆ. ಸಂಗ್ರಹವಾದ ಶಕ್ತಿಯನ್ನು ಕಾರು ಮತ್ತೆ ಹೊರಡುವಾಗ ಬಳಸಲಾಗುತ್ತದೆ. ಹೊರಡುವ ಕ್ಷಣದಲ್ಲಿಯೇ ಪೆಟ್ರೋಲ್ ಎಂಜಿನ್‌ನ ದಕ್ಷತೆ ಬಹಳ ಕಡಿಮೆಯಿರುತ್ತದೆ. ನಿಂತು ನಿಂತು ಸಾಗುವ ನಗರದ ಸಂಚಾರದಲ್ಲಿ ಹೈಬ್ರಿಡ್ ಕಾರು ಹೆಚ್ಚು ಇಂಧನ ಉಳಿಸಲು ಇದೇ ಕಾರಣ.

ತೆರೆದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಬ್ರೇಕ್ ಬಳಕೆ ಕಡಿಮೆ. ಆದ್ದರಿಂದ ಮರಳಿ ಪಡೆಯುವ ಶಕ್ತಿಯೂ ಕಡಿಮೆ. ಅಲ್ಲಿ ಇಂಧನವನ್ನು ಮುಖ್ಯವಾಗಿ ನುಂಗುವುದು ಗಾಳಿಯ ಪ್ರತಿರೋಧ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ; ಅಂದರೆ ವೇಗ ಎರಡು ಪಟ್ಟಾದರೆ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಇಂತಹ ರಸ್ತೆಗಳಲ್ಲಿ ಹೈಬ್ರಿಡ್ ಕಾರಿಗೆ ಉಳಿಯುವ ಅನುಕೂಲವೆಂದರೆ ಅದರ ಎಂಜಿನ್. ಈ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಅಟ್ಕಿನ್ಸನ್ ಆವರ್ತದ ಎಂಜಿನ್ ಶಕ್ತಿಯಲ್ಲಿ ಕಡಿಮೆಯಾದರೂ ದಕ್ಷತೆಯಲ್ಲಿ ಮುಂದಿರುತ್ತದೆ. ಹೀಗಾಗಿ ಹೆದ್ದಾರಿಯಲ್ಲೂ ಉಳಿತಾಯವಾಗುತ್ತದೆ, ಆದರೆ ನಗರದಲ್ಲಿ ಆಗುವಷ್ಟಲ್ಲ.

ಭಾರತದಲ್ಲಿ ಹೈಬ್ರಿಡ್ ಕಾರುಗಳು

ಜಗತ್ತಿನಲ್ಲಿ ಸಾಮೂಹಿಕವಾಗಿ ಉತ್ಪಾದನೆಗೊಂಡ ಮೊದಲ ಹೈಬ್ರಿಡ್ ಕಾರಾದ ಟೊಯೋಟಾ ಪ್ರಿಯಸ್ 1997ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಭಾರತದಲ್ಲಿ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಮತ್ತು 2010ರಲ್ಲಿ ಪ್ರಿಯಸ್ ಮಾರಾಟಕ್ಕೆ ಬಂದವು. ಇವೆರಡೂ ಆಮದಾದ ದುಬಾರಿ ಕಾರುಗಳಾಗಿದ್ದು, ಅಲ್ಪ ಸಂಖ್ಯೆಯಲ್ಲಿ ಮಾರಾಟವಾದವು.

ದೇಶೀಯ ಉತ್ಪಾದನೆಯಲ್ಲಿ ಕರ್ನಾಟಕಕ್ಕೆ ಪ್ರಮುಖ ಸ್ಥಾನವಿದೆ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಿಕೆ ಆರಂಭವಾಯಿತು. 2022ರಲ್ಲಿ ಇದೇ ಕಾರ್ಖಾನೆಯಿಂದ ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಅದರ ಸೋದರ ಮಾದರಿಯಾದ ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಹೊರಬಂದವು. ಇನ್ನೋವಾ ಹೈಕ್ರಾಸ್ ಕೂಡ ಇಲ್ಲಿಯದೇ. ಹೋಂಡಾ ಸಿಟಿ ಇ:ಎಚ್‌ಇವಿ 2022ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು; ಆಗ ಅದಕ್ಕೆ ಘೋಷಿಸಿದ ಮೈಲೇಜ್ ಲೀಟರಿಗೆ 26.5 ಕಿ.ಮೀ.

ಈ ಇತಿಹಾಸದಿಂದಾಗಿ ಮರುಮಾರಾಟದಲ್ಲಿ ಸಿಗುವ ಸ್ಟ್ರಾಂಗ್ ಹೈಬ್ರಿಡ್ ಕಾರುಗಳು ಎರಡು ಪೀಳಿಗೆಗೆ ಸೇರಿವೆ. ಸಿವಿಕ್, ಪ್ರಿಯಸ್ ಮತ್ತು ಹಳೆಯ ಕ್ಯಾಮ್ರಿಗಳು ಮೊದಲ ಪೀಳಿಗೆಯವು. ಇವು ಕಡಿಮೆ ಬೆಲೆಗೆ ದೊರೆತರೂ ಅಧಿಕ ವೋಲ್ಟೇಜಿನ ಬ್ಯಾಟರಿಗಳು ವಯಸ್ಸಾಗಿರುತ್ತವೆ ಮತ್ತು ಬಿಡಿಭಾಗಗಳು ದುಬಾರಿ. 2022ರ ನಂತರದ ಕಾರುಗಳು ಎರಡನೆಯ ಪೀಳಿಗೆಯವು. ನಿತ್ಯದ ಓಡಾಟಕ್ಕೆ ಸಾಮಾನ್ಯವಾಗಿ ಪರಿಗಣಿಸಬಹುದಾದವು ಇವೇ.

ಚಳ್ಳಕೆರೆ ಮತ್ತು ಮೊಳಕಾಲ್ಮುರು ಪ್ರದೇಶದ ಸಂಚಾರ

ಕಡಲೆಕಾಯಿ ವ್ಯಾಪಾರ ಮತ್ತು ಎಣ್ಣೆ ಗಿರಣಿಗಳಿಂದ ‘ಎಣ್ಣೆ ನಗರ’ ಎಂದು ಹೆಸರಾದ ಚಳ್ಳಕೆರೆಯು ಜಿಲ್ಲಾ ಕೇಂದ್ರವಾದ ಚಿತ್ರದುರ್ಗದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ರೇಷ್ಮೆ ಸೀರೆಗಳಿಗೆ ಪ್ರಸಿದ್ಧವಾದ ಮೊಳಕಾಲ್ಮುರು ಚಳ್ಳಕೆರೆಯ ಉತ್ತರಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ, ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿದೆ. ಎರಡು ಪಟ್ಟಣಗಳ ನಡುವಿನ ಪ್ರಯಾಣದ ಬಹುಭಾಗ ತಳಕು, ಬಿ.ಜಿ.ಕೆರೆ, ಹಾನಗಲ್ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಸಾಗುತ್ತದೆ. ಶಿಕ್ಷಕರು, ಬ್ಯಾಂಕ್ ಹಾಗೂ ಸರ್ಕಾರಿ ನೌಕರರು ಈ ಪಟ್ಟಣಗಳ ನಡುವೆ ದಿನನಿತ್ಯ ಓಡಾಡುತ್ತಾರೆ. ನಾಯಕನಹಟ್ಟಿ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಮತ್ತು ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ನೆಲೆ ಸ್ಥಾಪನೆಯಾದ ಮೇಲೆ ಆ ಕಡೆಗೂ ನಿತ್ಯ ಸಂಚಾರವಿದೆ.

ಈ ಪ್ರದೇಶದ ಸಂಚಾರಕ್ಕೆ ಎರಡು ವಿಶಿಷ್ಟ ಗುಣಗಳಿವೆ. ಮೊದಲನೆಯದಾಗಿ, ದೂರ ಹೆಚ್ಚು ಮತ್ತು ದಟ್ಟಣೆ ಕಡಿಮೆ. ಅಂದರೆ ಹೈಬ್ರಿಡ್ ಕಾರಿಗೆ ಅಷ್ಟಾಗಿ ಅನುಕೂಲವಲ್ಲದ ರಸ್ತೆ. ಎರಡನೆಯದಾಗಿ, ಇದು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಬಯಲುಸೀಮೆಯ ಭಾಗವಾಗಿದ್ದು ಬಿಸಿಲು ಮತ್ತು ಧೂಳು ಹೆಚ್ಚು. ಇವೆರಡೂ ಬ್ಯಾಟರಿಯ ಆಯುಷ್ಯದ ಮೇಲೆ ಪರಿಣಾಮ ಬೀರುತ್ತವೆ.

ಉಳಿತಾಯದ ಲೆಕ್ಕಾಚಾರ

ಕೆಳಗಿನ ಲೆಕ್ಕವು ವಿಧಾನವನ್ನು ತೋರಿಸುವ ಉದಾಹರಣೆಯಷ್ಟೇ. ಲೆಕ್ಕದ ಸರಳತೆಗಾಗಿ ಪೆಟ್ರೋಲ್ ಬೆಲೆಯನ್ನು ಲೀಟರಿಗೆ 100 ರೂಪಾಯಿ ಹಾಗೂ ತಿಂಗಳಿಗೆ 25 ಕೆಲಸದ ದಿನಗಳೆಂದು ಇಟ್ಟುಕೊಳ್ಳಲಾಗಿದೆ. ಮೈಲೇಜನ್ನೂ ಊಹೆಯಾಗಿ ತೆಗೆದುಕೊಳ್ಳಲಾಗಿದೆ. ನಿತ್ಯದ ಬಳಕೆಯಲ್ಲಿ ಮೈಲೇಜ್ ತಯಾರಕರು ಘೋಷಿಸಿದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆಯಿರುತ್ತದೆ.

• ಹೆದ್ದಾರಿಯ ಪ್ರಯಾಣ: ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗಿಬರಲು ದಿನಕ್ಕೆ 90 ಕಿ.ಮೀ., ವರ್ಷಕ್ಕೆ 27,000 ಕಿ.ಮೀ. ಪೆಟ್ರೋಲ್ ಕಾರು ಲೀಟರಿಗೆ 17 ಕಿ.ಮೀ. ಹಾಗೂ ಹೈಬ್ರಿಡ್ 21 ಕಿ.ಮೀ. ಕೊಟ್ಟರೆ, ಕ್ರಮವಾಗಿ ಸುಮಾರು 1,588 ಮತ್ತು 1,286 ಲೀಟರ್ ಬೇಕಾಗುತ್ತದೆ. ವಾರ್ಷಿಕ ಉಳಿತಾಯ ಸುಮಾರು 302 ಲೀಟರ್, ಅಂದರೆ 30,200 ರೂಪಾಯಿ.

• ನಗರದ ಪ್ರಯಾಣ: ಬೆಂಗಳೂರಿನಂತಹ ದಟ್ಟಣೆಯ ನಗರದಲ್ಲಿ ದಿನಕ್ಕೆ 30 ಕಿ.ಮೀ., ವರ್ಷಕ್ಕೆ 9,000 ಕಿ.ಮೀ. ಪೆಟ್ರೋಲ್ ಕಾರು ಲೀಟರಿಗೆ 12 ಕಿ.ಮೀ. ಹಾಗೂ ಹೈಬ್ರಿಡ್ 20 ಕಿ.ಮೀ. ಕೊಟ್ಟರೆ, ಕ್ರಮವಾಗಿ 750 ಮತ್ತು 450 ಲೀಟರ್ ಬೇಕಾಗುತ್ತದೆ. ವಾರ್ಷಿಕ ಉಳಿತಾಯ 300 ಲೀಟರ್, ಅಂದರೆ 30,000 ರೂಪಾಯಿ.

ಈ ಊಹೆಗಳ ಪ್ರಕಾರ, ಹೆದ್ದಾರಿಯಲ್ಲಿ ಮೂರು ಪಟ್ಟು ದೂರ ಕ್ರಮಿಸಿದರೂ ಉಳಿತಾಯ ನಗರದಷ್ಟೇ ಆಗುತ್ತದೆ. ಆದರೆ ಕಾರಿನ ಟೈರು, ಸಸ್ಪೆನ್ಷನ್ ಮತ್ತು ಮರುಮಾರಾಟದ ಬೆಲೆ ಮೂರು ಪಟ್ಟು ವೇಗವಾಗಿ ಬಳಕೆಯ ಭಾರವನ್ನು ಹೊರುತ್ತವೆ. ಆದ್ದರಿಂದ ‘ದೂರ ಹೆಚ್ಚಿದ್ದರೆ ಹೈಬ್ರಿಡ್ ಲಾಭದಾಯಕ’ ಎಂಬ ಸಾಮಾನ್ಯ ನಂಬಿಕೆ ಎಲ್ಲ ರಸ್ತೆಗಳಿಗೂ ಅನ್ವಯಿಸುವುದಿಲ್ಲ.

ಖಾತರಿಯನ್ನು ಆಧರಿಸಿದ ಬೆಲೆಮಿತಿ

ಟೊಯೋಟಾ, ಮಾರುತಿ ಸುಜುಕಿ ಮತ್ತು ಹೋಂಡಾ ಸಂಸ್ಥೆಗಳು ಮೇಲೆ ಹೇಳಿದ ಎರಡನೆಯ ಪೀಳಿಗೆಯ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿಗಳಿಗೆ 8 ವರ್ಷ ಅಥವಾ 1,60,000 ಕಿ.ಮೀ., ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಖಾತರಿ ನೀಡಿವೆ. ಈ ಅವಧಿಯನ್ನು ಕಾರಿನ ಮೊದಲ ಮಾರಾಟದ ದಿನದಿಂದ ಲೆಕ್ಕ ಹಾಕಲಾಗುತ್ತದೆ. ಮೂರು ವರ್ಷ ಹಳೆಯದಾದ, 45,000 ಕಿ.ಮೀ. ಓಡಿದ ಕಾರನ್ನು ಪರಿಗಣಿಸಿದರೆ ಅದಕ್ಕೆ 5 ವರ್ಷ ಅಥವಾ 1,15,000 ಕಿ.ಮೀ. ಖಾತರಿ ಉಳಿದಿರುತ್ತದೆ. ಮೇಲಿನ ಹೆದ್ದಾರಿ ಪ್ರಯಾಣಿಕನಿಗೆ ಇದು ಸುಮಾರು ನಾಲ್ಕೂಕಾಲು ವರ್ಷಗಳಲ್ಲಿ ಕಿಲೋಮೀಟರಿನ ಮಿತಿಯಿಂದ ಮುಗಿಯುತ್ತದೆ. ನಗರ ಪ್ರಯಾಣಿಕನಿಗೆ 5 ವರ್ಷ ಪೂರ್ತಿ ದೊರೆಯುತ್ತದೆ.

ಖಾತರಿ ಮುಗಿದ ನಂತರ ಬ್ಯಾಟರಿ ಕೆಟ್ಟರೆ ಅದರ ಬದಲಾವಣೆಯ ವೆಚ್ಚವು ಹಲವು ವರ್ಷಗಳ ಉಳಿತಾಯವನ್ನು ಅಳಿಸಬಲ್ಲದು. ಆದ್ದರಿಂದ ಎಚ್ಚರಿಕೆಯ ಸೂತ್ರ ಹೀಗಿದೆ: ಅದೇ ವಯಸ್ಸಿನ, ಅದೇ ವರ್ಗದ ಪೆಟ್ರೋಲ್ ಕಾರಿಗಿಂತ ಹೈಬ್ರಿಡ್ ಕಾರಿಗೆ ಕೊಡುವ ಹೆಚ್ಚುವರಿ ಬೆಲೆಯು ವಾರ್ಷಿಕ ಉಳಿತಾಯವನ್ನು ಉಳಿದ ಖಾತರಿ ವರ್ಷಗಳಿಂದ ಗುಣಿಸಿದ ಮೊತ್ತವನ್ನು ಮೀರಬಾರದು. ಮೇಲಿನ ಉದಾಹರಣೆಗಳಲ್ಲಿ ಈ ಮಿತಿಯು ಹೆದ್ದಾರಿ ಪ್ರಯಾಣಿಕನಿಗೆ ಸುಮಾರು 1.28 ಲಕ್ಷ ರೂಪಾಯಿ ಹಾಗೂ ನಗರ ಪ್ರಯಾಣಿಕನಿಗೆ 1.5 ಲಕ್ಷ ರೂಪಾಯಿ. ಸಾಲದ ಮೇಲೆ ಕಾರು ಕೊಳ್ಳುವವರು ಹೆಚ್ಚುವರಿ ಬೆಲೆಯ ಮೇಲಿನ ಬಡ್ಡಿಯನ್ನೂ ಇದರಿಂದ ಕಳೆಯಬೇಕು.

ಹೊಸ ಕಾರಿನ ಇಂದಿನ ಬೆಲೆಯನ್ನೂ ಹೋಲಿಸಿ ನೋಡುವುದು ಅಗತ್ಯ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಿಂದ ದೊಡ್ಡ ಹೈಬ್ರಿಡ್ ಕಾರುಗಳ ಮೇಲಿನ ಒಟ್ಟು ತೆರಿಗೆ ಶೇ. 43ರಿಂದ ಶೇ. 40ಕ್ಕೆ ಇಳಿದಿದೆ. ಮಾರಾಟಗಾರರು ತಾವು ಕೊಂಡಾಗಿನ ಬೆಲೆಯನ್ನು ಆಧಾರವಾಗಿ ತೋರಿಸಿದರೂ, ಖರೀದಿದಾರರು ಈಗಿನ ಹೊಸ ಕಾರಿನ ಬೆಲೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ತಾಂತ್ರಿಕ ಪರಿಶೀಲನೆ

ಬ್ಯಾಟರಿ: ಹೈರೈಡರ್, ಗ್ರ್ಯಾಂಡ್ ವಿಟಾರಾ ಮತ್ತು ಹೋಂಡಾ ಸಿಟಿ ಹೈಬ್ರಿಡ್‌ಗಳಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯೂ, ಹಳೆಯ ಕ್ಯಾಮ್ರಿ ಮತ್ತು ಇನ್ನೋವಾ ಹೈಕ್ರಾಸ್‌ಗಳಲ್ಲಿ ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಯೂ ಇವೆ. ಅಧಿಕೃತ ಸೇವಾ ಕೇಂದ್ರದಲ್ಲಿ ರೋಗಪತ್ತೆ ಉಪಕರಣ ಜೋಡಿಸಿ ಬ್ಯಾಟರಿಯ ವಿವಿಧ ಭಾಗಗಳ ವೋಲ್ಟೇಜ್ ಸಮನಾಗಿದೆಯೇ ಎಂದು ನೋಡಲಾಗುತ್ತದೆ. ಈ ವರದಿಯನ್ನು ಖರೀದಿಗೆ ಮುನ್ನ ಲಿಖಿತವಾಗಿ ಪಡೆಯುವುದು ಒಳ್ಳೆಯದು. ಚಾಲನೆಯ ವೇಳೆ ಬ್ಯಾಟರಿ ಮಟ್ಟವನ್ನು ತೋರಿಸುವ ಸೂಚಕವು ಬಹುಬೇಗ ತುಂಬಿ ಬಹುಬೇಗ ಇಳಿಯುವುದು, ಕಾರು ನಿಂತಿರುವಾಗಲೂ ಎಂಜಿನ್ ಪದೇ ಪದೇ ಚಾಲನೆಗೊಳ್ಳುವುದು ಬ್ಯಾಟರಿ ದುರ್ಬಲವಾಗಿರುವ ಲಕ್ಷಣಗಳಾಗಿರಬಹುದು.

ತಂಪುಗೊಳಿಸುವ ವ್ಯವಸ್ಥೆ: ಅನೇಕ ಹೈಬ್ರಿಡ್ ಕಾರುಗಳಲ್ಲಿ ಒಳಾಂಗಣದ ಗಾಳಿಯನ್ನೇ ಫ್ಯಾನಿನ ಮೂಲಕ ಸೆಳೆದು ಬ್ಯಾಟರಿಯನ್ನು ತಂಪಾಗಿಡಲಾಗುತ್ತದೆ. ಗಾಳಿ ಒಳಹೋಗುವ ಕಿಂಡಿ ಸಾಮಾನ್ಯವಾಗಿ ಹಿಂಬದಿಯ ಆಸನದ ಬಳಿ ಇರುತ್ತದೆ. ಚಳ್ಳಕೆರೆಯಂತಹ ಧೂಳಿನ ಪ್ರದೇಶದಲ್ಲಿ ಇದರ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ಕಿಂಡಿಯ ಮೇಲೆ ಚೀಲ, ಬಟ್ಟೆ ಅಥವಾ ಸೀಟ್ ಕವರ್ ಮುಚ್ಚಿಕೊಂಡರೆ ಬ್ಯಾಟರಿ ಬಿಸಿಯಾಗಿ ಅದರ ಆಯುಷ್ಯ ಕುಗ್ಗುತ್ತದೆ. ಪರೀಕ್ಷಾ ಚಾಲನೆಯನ್ನು ಬೆಳಗಿನ ತಂಪಿನಲ್ಲಿ ಮಾತ್ರ ಮಾಡದೆ, ಮಧ್ಯಾಹ್ನದ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಕನಿಷ್ಠ ಅರ್ಧ ಗಂಟೆ ಮಾಡಿದರೆ ದೋಷಗಳು ಹೊರಬೀಳುವ ಸಾಧ್ಯತೆ ಹೆಚ್ಚು.

ನೀರಿನಲ್ಲಿ ಮುಳುಗಿದ ಕಾರು: 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಮತ್ತು 2023ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಉಂಟಾದ ಪ್ರವಾಹಗಳಲ್ಲಿ ಅನೇಕ ಕಾರುಗಳು ಮುಳುಗಿದವು. ಹೈಬ್ರಿಡ್ ಬ್ಯಾಟರಿಯು ಹಿಂಬದಿಯ ಆಸನ ಅಥವಾ ಡಿಕ್ಕಿಯ ತಳಮಟ್ಟದಲ್ಲಿ ಇರುವುದರಿಂದ ಇಂತಹ ಕಾರು ಹೆಚ್ಚು ಅಪಾಯಕಾರಿ. ನೆಲಹಾಸಿನ ಅಡಿಯ ಕೆಸರು, ಸೀಟಿನ ಬೋಲ್ಟುಗಳ ತುಕ್ಕು, ಮುಗ್ಗಲು ವಾಸನೆ ಹಾಗೂ ವಿಮಾ ಕ್ಲೇಮಿನ ಇತಿಹಾಸವನ್ನು ಪರಿಶೀಲಿಸಬೇಕು.

ತಂತಿಗಳು: ಅಧಿಕ ವೋಲ್ಟೇಜಿನ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ಇಲಿ, ಹೆಗ್ಗಣಗಳು ಕಡಿದ ಗುರುತಿದ್ದರೆ ಕಾರನ್ನು ಕೊಳ್ಳಬಾರದು. ತರಬೇತಿ ಇಲ್ಲದ ಮೆಕ್ಯಾನಿಕ್‌ಗಳು ಈ ತಂತಿಗಳನ್ನು ಮುಟ್ಟುವುದು ಪ್ರಾಣಾಪಾಯಕಾರಿ. ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲಿ ಆಯಿಲ್, ಟೈರು, ಬ್ರೇಕುಗಳ ಕೆಲಸ ಮಾಡಿಸಬಹುದಾದರೂ ಹೈಬ್ರಿಡ್ ವ್ಯವಸ್ಥೆಯ ದುರಸ್ತಿಗೆ ಅಧಿಕೃತ ಕೇಂದ್ರಕ್ಕೇ ಹೋಗಬೇಕಾಗುತ್ತದೆ. ಹತ್ತಿರದ ಅಂತಹ ಕೇಂದ್ರ ಎಲ್ಲಿದೆ, ಅಲ್ಲಿ ಹೈಬ್ರಿಡ್ ತರಬೇತಿ ಪಡೆದವರು ಇದ್ದಾರೆಯೇ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು.

ಇತರ ಅಂಶಗಳು: ಹೈಬ್ರಿಡ್ ಕಾರಿನಲ್ಲೂ 12 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ. ವಾರಗಟ್ಟಲೆ ನಿಲ್ಲಿಸಿದರೆ ಅದು ಇಳಿದುಹೋಗಿ ಕಾರು ಚಾಲನೆಗೊಳ್ಳುವುದಿಲ್ಲ. ಇದನ್ನು ಹೈಬ್ರಿಡ್ ಬ್ಯಾಟರಿಯ ದೋಷವೆಂದು ತಪ್ಪಾಗಿ ತಿಳಿಯಬಾರದು. ಡಿಕ್ಕಿಯ ಜಾಗವೂ ಗಮನಾರ್ಹ: ಹೋಂಡಾ ಸಿಟಿಯ ಪೆಟ್ರೋಲ್ ಮಾದರಿಯಲ್ಲಿ ಅದು 506 ಲೀಟರ್ ಇದ್ದರೆ ಹೈಬ್ರಿಡ್ ಮಾದರಿಯಲ್ಲಿ 306 ಲೀಟರ್ ಮಾತ್ರ. ಸೀರೆಗಳ ಗಂಟು, ಅಂಗಡಿಯ ಸರಕು ಸಾಗಿಸುವವರಿಗೆ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈಗ ವ್ಯಾಪಕವಾಗಿರುವುದರಿಂದ, ಕಾರು ಅದಕ್ಕೆ ಹೊಂದುತ್ತದೆಯೇ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಬೇಕು. ವಿಶೇಷವಾಗಿ 2023ರ ಏಪ್ರಿಲ್‌ಗೆ ಮೊದಲು ತಯಾರಾದ ಕಾರುಗಳಲ್ಲಿ ಇದು ಅಗತ್ಯ.

ದಾಖಲೆಗಳು

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಮಾಲೀಕತ್ವದ ವರ್ಗಾವಣೆಯನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸುವುದು ಕಡ್ಡಾಯ. ಇದಕ್ಕೆ ನಮೂನೆ 29 ಮತ್ತು 30 ಬಳಕೆಯಾಗುತ್ತವೆ. ಕಾರಿನ ಮೇಲೆ ಸಾಲವಿದ್ದರೆ ಅದು ತೀರಿದೆ ಎಂಬುದಕ್ಕೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಬೇಕು. ವಿಮೆಯನ್ನು ತಮ್ಮ ಹೆಸರಿಗೆ ಬದಲಾಯಿಸಲು ಖರೀದಿದಾರರು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಚಿತ್ರದುರ್ಗ ಜಿಲ್ಲೆಯ ವಾಹನಗಳ ನೋಂದಣಿ ಸಂಕೇತ ಕೆಎ-16.

ಮೊಳಕಾಲ್ಮುರು ಗಡಿ ತಾಲ್ಲೂಕಾದ್ದರಿಂದ ನೆರೆಯ ರಾಯದುರ್ಗ ಮೊದಲಾದ ಕಡೆಗಳಿಂದ ಆಂಧ್ರಪ್ರದೇಶದ ನೋಂದಣಿಯ ಕಾರುಗಳೂ ಮಾರಾಟಕ್ಕೆ ಬರುವುದುಂಟು. ಅಂತಹ ಕಾರಿಗೆ ನಮೂನೆ 28ರಲ್ಲಿ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಕರ್ನಾಟಕದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇರಿಸುವುದಾದರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು ಮತ್ತು ಕಾರಿನ ವಯಸ್ಸಿಗೆ ಅನುಗುಣವಾಗಿ ಇಲ್ಲಿನ ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಈ ತೆರಿಗೆಯ ದರ ಹೆಚ್ಚಾಗಿರುವುದರಿಂದ, ಕಡಿಮೆ ಬೆಲೆಗೆ ಸಿಕ್ಕಂತೆ ತೋರುವ ಹೊರರಾಜ್ಯದ ಕಾರು ಕೊನೆಗೆ ದುಬಾರಿಯಾಗಬಹುದು.

ಬ್ಯಾಟರಿ ಖಾತರಿಯು ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ, ಹಿಂದಿನ ಸರ್ವೀಸುಗಳು ತಪ್ಪಿದ್ದರಿಂದ ಅದು ರದ್ದಾಗಿದೆಯೇ ಎಂಬುದನ್ನು ಚಾಸಿ ಸಂಖ್ಯೆ ನೀಡಿ ಅಧಿಕೃತ ಕೇಂದ್ರದಲ್ಲಿ ಕೇಳಬೇಕು. ಅದೇ ಸರ್ವೀಸ್ ದಾಖಲೆಯಲ್ಲಿರುವ ಕಿಲೋಮೀಟರುಗಳನ್ನು ಮೀಟರಿನ ಅಂಕಿಯೊಂದಿಗೆ ಹೋಲಿಸಿದರೆ, ಮೀಟರ್ ತಿದ್ದಿದ್ದರೆ ತಿಳಿಯುತ್ತದೆ.

ಪರ್ಯಾಯಗಳು

ಇಂಧನ ಉಳಿತಾಯವೇ ಮುಖ್ಯವಾದಲ್ಲಿ ಹೈಬ್ರಿಡ್ ಕಾರನ್ನು ಇತರ ಆಯ್ಕೆಗಳೊಂದಿಗೂ ಹೋಲಿಸಬೇಕು. ಚಿಕ್ಕ ಪೆಟ್ರೋಲ್ ಕಾರು ಹಗುರವಾಗಿರುವುದರಿಂದ ಹೆದ್ದಾರಿಯಲ್ಲಿ ದೊಡ್ಡ ಹೈಬ್ರಿಡ್ ಕಾರಿಗೆ ಸಮೀಪದ ಮೈಲೇಜ್ ನೀಡಬಲ್ಲದು ಮತ್ತು ಅದರ ಬೆಲೆ ಬಹಳ ಕಡಿಮೆ. ಮನೆಯಲ್ಲಿ ಚಾರ್ಜ್ ಮಾಡುವ ಸೌಲಭ್ಯವಿದ್ದರೆ ದಿನಕ್ಕೆ 90 ಕಿ.ಮೀ. ಪ್ರಯಾಣವು ಇಂದಿನ ಹಲವು ವಿದ್ಯುತ್ ಕಾರುಗಳ ವ್ಯಾಪ್ತಿಯೊಳಗಿದೆ.

ನಾಲ್ವರು ಸಹೋದ್ಯೋಗಿಗಳು ಒಂದೇ ಕಾರಿನಲ್ಲಿ ಸರದಿಯಂತೆ ಪ್ರಯಾಣಿಸಿದರೆ ತಲಾ ಇಂಧನ ವೆಚ್ಚ ಕಾಲುಭಾಗಕ್ಕೆ ಇಳಿಯುತ್ತದೆ. ಮೇಲಿನ ಹೆದ್ದಾರಿ ಉದಾಹರಣೆಯಲ್ಲಿ ಹೈಬ್ರಿಡ್ ಕಾರು ಉಳಿಸುವುದು ಇಂಧನದ ಐದನೇ ಒಂದು ಭಾಗದಷ್ಟನ್ನು ಮಾತ್ರ. ಸ್ವಂತ ಬಳಕೆಯ ನೋಂದಣಿಯುಳ್ಳ ಕಾರನ್ನು ಬಾಡಿಗೆಗೆ ಓಡಿಸುವುದಕ್ಕೆ ಮಾತ್ರ ಕಾನೂನಿನ ಅನುಮತಿ ಇಲ್ಲ. ಚಳ್ಳಕೆರೆಗೆ ರೈಲು ಸಂಪರ್ಕವೂ ಇದೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದರಿಂದ, ಅವರ ನಿತ್ಯ ಪ್ರಯಾಣಕ್ಕೆ ವೆಚ್ಚದ ದೃಷ್ಟಿಯಿಂದ ಯಾವ ಕಾರೂ ಬಸ್ಸಿಗೆ ಸಮನಾಗುವುದಿಲ್ಲ.

ಒಟ್ಟಾರೆಯಾಗಿ, ಪಟ್ಟಣದೊಳಗಿನ ಓಡಾಟ ಹೆಚ್ಚಿರುವ, ಬ್ಯಾಟರಿ ಖಾತರಿ ಸಾಕಷ್ಟು ಉಳಿದಿರುವ ಹಾಗೂ ಪೆಟ್ರೋಲ್ ಕಾರಿಗಿಂತ ಅಲ್ಪ ಹೆಚ್ಚಿನ ಬೆಲೆಗೆ ದೊರೆಯುವ ಸಂದರ್ಭಗಳಲ್ಲಿ ಬಳಸಿದ ಸ್ಟ್ರಾಂಗ್ ಹೈಬ್ರಿಡ್ ಕಾರು ಮಿತವ್ಯಯದ ಆಯ್ಕೆಯಾಗುತ್ತದೆ. ಈ ಮೂರರಲ್ಲಿ ಒಂದು ಕೊರತೆಯಾದರೂ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡುವುದು ಅವಶ್ಯಕ.

ಇವನ್ನೂ ನೋಡಿ

• ವಿದ್ಯುತ್ ವಾಹನ
• ಚಳ್ಳಕೆರೆ
• ಮೊಳಕಾಲ್ಮುರು
• ಬಿಡದಿ